ಕಮ್ಮಟದ ತಪ್ಪೋ, ಬೀದಿಯ ಪೆಟ್ಟೋ?

ರಾತ್ರಿ ಒಂಬತ್ತೂವರೆ. ಕಿರಾಣಿ ಅಂಗಡಿಯ ಶಟರ್ ಅರ್ಧ ಇಳಿದಿದೆ. ಹಳೇ ಪತ್ರಿಕೆಯ ಮೇಲೆ ಗಲ್ಲಾಪೆಟ್ಟಿಗೆಯ ಚಿಲ್ಲರೆ ಸುರಿದುಕೊಂಡ ಅಂಗಡಿಯವರು ಒಂದರದ್ದೊಂದು ಗುಡ್ಡೆ, ಎರಡರದ್ದೊಂದು ಗುಡ್ಡೆ, ಐದರದ್ದೊಂದು ಗುಡ್ಡೆ ಮಾಡುತ್ತಿದ್ದಾರೆ. ಎಣಿಸುವ ಬೆರಳು ಒಂದು ನಾಣ್ಯದ ಮೇಲೆ ತಟ್ಟನೆ ನಿಲ್ಲುತ್ತದೆ. ಒಂದು ರೂಪಾಯಿಯದೇ. ಆದರೆ ಒಂದು ಬದಿಯಲ್ಲಿ ಇಲಿ ಕಚ್ಚಿಕೊಂಡು ಹೋದ ಹಾಗೆ ಬಾಗಿದ ಕಚ್ಚು.

“ಅಣ್ಣಾ, ಅದನ್ನ ಎತ್ತಿಟ್ಕೊಳಿ. ಇಂಥದ್ದಕ್ಕೆ ಲಕ್ಷ ಕೊಡ್ತಾರಂತೆ, ಮೊಬೈಲಲ್ಲಿ ತೋರಿಸ್ತಿದ್ರು,” ಎನ್ನುತ್ತಾನೆ ಕೆಲಸದ ಹುಡುಗ.

“ಲಕ್ಷಾನೂ ಇಲ್ಲ, ಗಿಕ್ಷಾನೂ ಇಲ್ಲ. ಯಾವನೋ ಕತ್ತರಿಸಿ ನಮ್ಮ ತಲೆಗೆ ಕಟ್ಟಿದಾನೆ ಕಣೋ.”

ಇಬ್ಬರದೂ ಅವಸರದ ತೀರ್ಪು. ನಾಣ್ಯ ವಿಚಿತ್ರವಾಗಿದೆ ಎಂಬುದಷ್ಟೇ ಇಬ್ಬರಿಗೂ ಕಂಡದ್ದು. ಕೇಳಬೇಕಾದ ಪ್ರಶ್ನೆ ಬೇರೆ: ಈ ಕಚ್ಚು ಬಿದ್ದದ್ದು ಯಾವಾಗ? ನಾಣ್ಯ ಹುಟ್ಟುವಾಗಲೋ, ಹುಟ್ಟಿ ಊರು ಸುತ್ತಿದ ಮೇಲೋ? ಟಂಕಸಾಲೆಯೊಳಗೆ ಆದ ತಪ್ಪಿಗೆ ಸಂಗ್ರಾಹಕರ ನಡುವೆ ಬೆಲೆಯಿದೆ. ಹೊರಗೆ ಬಿದ್ದ ಪೆಟ್ಟಿಗೆ ಇಲ್ಲ. ಎರಡನ್ನೂ ಬೇರ್ಪಡಿಸುವ ಗುರುತು ಆ ನಾಣ್ಯದ ಮೈಮೇಲೆಯೇ ಇರುತ್ತದೆ. ಅದನ್ನು ಓದಲು ಬೇಕಾದದ್ದು ಒಂದು ಭೂತಗನ್ನಡಿ, ಒಂದು ತಕ್ಕಡಿ, ಸ್ವಲ್ಪ ತಾಳ್ಮೆ.

ಬಿಲ್ಲೆ, ಅಚ್ಚು, ಬಳೆ

ತಪ್ಪು ಗುರುತಿಸಬೇಕಾದರೆ ಮೊದಲು ಸರಿ ಏನೆಂದು ತಿಳಿದಿರಬೇಕು. ನಮ್ಮ ನಾಣ್ಯಗಳು ಮುಂಬೈ, ಕೋಲ್ಕತ್ತಾ, ಹೈದರಾಬಾದ್ ಮತ್ತು ನೊಯ್ಡಾದ ನಾಲ್ಕು ಸರ್ಕಾರಿ ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ಹಳಗನ್ನಡದವರು ಇಂಥ ಜಾಗವನ್ನು ಕಮ್ಮಟ ಎನ್ನುತ್ತಿದ್ದರು.

ಉದ್ದನೆಯ ಲೋಹದ ಪಟ್ಟಿಯಿಂದ ಯಂತ್ರ ಮೊದಲು ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತದೆ. ಅಕ್ಕಿರೊಟ್ಟಿ ಹಿಟ್ಟಿನ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ದುಂಡಗೆ ತೆಗೆಯುವಂತೆ. ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೆದು ಮಾಡಿ, ತೊಳೆದು, ಇನ್ನೊಂದು ಯಂತ್ರದ ಇಕ್ಕಟ್ಟಿನಲ್ಲಿ ಉರುಳಿಸುತ್ತಾರೆ. ಆಗ ಸುತ್ತಲ ಅಂಚು ಒಳಕ್ಕೆ ಒತ್ತಿಕೊಂಡು ಸ್ವಲ್ಪ ಎದ್ದು ನಿಲ್ಲುತ್ತದೆ. ನಾಣ್ಯದ ಸುತ್ತ ನಮ್ಮ ಬೆರಳಿಗೆ ಸಿಗುವ ಏಣಿಗೆ ಇದೇ ಅಡಿಪಾಯ.

ಕೊನೆಗೆ ಅಚ್ಚೊತ್ತುವ ಯಂತ್ರ. ಕೆಳಗೊಂದು ಉಕ್ಕಿನ ಅಚ್ಚು, ಮೇಲೊಂದು. ಬಿಲ್ಲೆಯ ಸುತ್ತ ಬಳೆಯಂತೆ ಕೂತ ಉಕ್ಕಿನ ಉಂಗುರ. ಮೇಲಿನ ಅಚ್ಚು ಬಡಿದಾಗ ಲೋಹ ಕ್ಷಣಕಾಲ ಹದವಾದ ಹಿಟ್ಟಿನಂತೆ ಹರಿದು ಅಚ್ಚಿನ ತಗ್ಗುಗಳಿಗೆಲ್ಲ ನುಗ್ಗುತ್ತದೆ. ಹೊರಕ್ಕೆ ಹರಡಲು ಹೊರಟ ಲೋಹವನ್ನು ಬಳೆ ತಡೆದು ದುಂಡಗೆ ಉಳಿಸುತ್ತದೆ. ಒಂದೇ ಏಟಿಗೆ ಎರಡು ಮುಖ, ಒಂದು ಅಂಚು.

ಬಿಲ್ಲೆ, ಅಚ್ಚು, ಏಟು: ಈ ಮೂರರಲ್ಲಿ ಒಂದು ಎಡವಿದರೆ ತಪ್ಪು ನಾಣ್ಯ ಹುಟ್ಟುತ್ತದೆ. ಬೇರೆ ದಾರಿಯಿಲ್ಲ. ಕೈಯಲ್ಲಿರುವ ನಾಣ್ಯದ ವಿಕಾರಕ್ಕೆ ಈ ಮೂರರಲ್ಲೊಂದು ಕಾರಣ ಹೇಳಲು ಆಗದಿದ್ದರೆ ಅದು ಬೀದಿಯಲ್ಲಿ ತಿಂದ ಪೆಟ್ಟು ಎಂದೇ ಮೊದಲು ಎಣಿಸಬೇಕು.

ಉಬ್ಬಿದ ಗೆರೆ, ತಗ್ಗಿದ ಗೆರೆ

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಉಗುರಿನದು. ನಾಣ್ಯದ ಮೇಲೆ ಅಡ್ಡಾದಿಡ್ಡಿ ಗೆರೆ ಕಂಡರೆ ಅದರ ಮೇಲೆ ಉಗುರು ಆಡಿಸಿ ನೋಡಿ. ಗೆರೆ ಉಬ್ಬಿದೆಯೋ, ತಗ್ಗಿದೆಯೋ?

ಸಾವಿರಾರು ಏಟು ಹೊಡೆದ ಅಚ್ಚು ದಣಿದು ಬಿರುಕು ಬಿಡುತ್ತದೆ. ಬಿರುಕೆಂದರೆ ಅಚ್ಚಿನ ಮೇಲೊಂದು ಸಂದು. ಬಡಿದಾಗ ಲೋಹ ಆ ಸಂದಿಗೂ ನುಗ್ಗುತ್ತದೆ. ಹಾಗಾಗಿ ಅಚ್ಚಿನ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ಅಚ್ಚಿನ ಅಂಚು ಮುರಿದು ಚೂರು ಹಾರಿಹೋಗಿದ್ದರೆ ನಾಣ್ಯದ ಆ ಜಾಗದಲ್ಲಿ ಅಕ್ಷರವಿಲ್ಲದ ದಪ್ಪನೆಯ ಗುಬ್ಬಿ ಏಳುತ್ತದೆ. ಚಾಕು, ಮೊಳೆ, ಕಲ್ಲು ಗೀರಿದ್ದು ಹೀಗಲ್ಲ. ಅದು ಲೋಹವನ್ನು ಅಗೆಯುತ್ತದೆ. ಗೆರೆ ತಗ್ಗಾಗಿರುತ್ತದೆ, ಅಗೆದ ಲೋಹ ಎರಡೂ ದಡದಲ್ಲಿ ಉತ್ತ ಮಣ್ಣಿನಂತೆ ಏಣಾಗಿ ನಿಂತಿರುತ್ತದೆ.

ಇದಕ್ಕೊಂದು ಅಪವಾದವುಂಟು. ಅಚ್ಚಿಗೂ ಬಿಲ್ಲೆಗೂ ನಡುವೆ ದಾರದ ಎಳೆಯೋ ಬಟ್ಟೆಯ ಚೂರೋ ಸಿಕ್ಕಿಕೊಂಡರೆ ನಾಣ್ಯದ ಮೇಲೆ ತಗ್ಗು ಬೀಳುತ್ತದೆ. ಆದರೆ ಆ ತಗ್ಗಿಗೆ ದಡದ ಏಣು ಇರುವುದಿಲ್ಲ. ದಾರದ ಹುರಿಯೂ ಎಷ್ಟೋ ಸಲ ಅದರೊಳಗೆ ಅಚ್ಚಾಗಿರುತ್ತದೆ. ಅಚ್ಚಿನ ಅಕ್ಷರದೊಳಗೆ ಎಣ್ಣೆ ಜಿಡ್ಡು ತುಂಬಿಕೊಂಡರೆ ಆ ಅಕ್ಷರ ನಾಣ್ಯದಲ್ಲಿ ಮಸುಕಾಗುತ್ತದೆ, ಕೆಲವೊಮ್ಮೆ ಪೂರ್ತಿ ಮಾಯವಾಗುತ್ತದೆ. ಸುತ್ತಲಿನ ಮೈ ಮಾತ್ರ ಹೊಸ ಹೊಳಪಿನಲ್ಲೇ ಇರುತ್ತದೆ. ಯಾರೋ ಅರದಿಂದ ಉಜ್ಜಿ ಅಕ್ಷರ ಅಳಿಸಿದ್ದರೆ ಉಜ್ಜಿದ ಗೀಚುಗಳು ಭೂತಗನ್ನಡಿಯಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಕಾಣುತ್ತವೆ.

ಇಲಿ ಕಚ್ಚಿದ ರೂಪಾಯಿ

ಈಗ ಅಂಗಡಿಯ ಆ ರೂಪಾಯಿಯನ್ನು ಕೈಗೆ ತೆಗೆದುಕೊಳ್ಳೋಣ. ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಹಿಂದಿನ ತೂತಿನ ಮೇಲೆಯೇ ಮುಂದಿನ ಏಟು ಸ್ವಲ್ಪ ಬೀಳುತ್ತದೆ. ಆಗ ಹೊರಬರುವ ಬಿಲ್ಲೆಗೆ ಒಂದು ಬದಿ ಕಡಿಮೆ. ಇಂಥ ಬಿಲ್ಲೆ ತಪಾಸಣೆ ತಪ್ಪಿಸಿಕೊಂಡು ಅಚ್ಚಿನ ಕೆಳಗೆ ಹೋದರೆ ಇಲಿ ಕಚ್ಚಿದ ನಾಣ್ಯ.

ಕತ್ತರಿ, ಗರಗಸ, ಅರ ಹಿಡಿದೂ ಇದೇ ಆಕಾರ ತೆಗೆಯಬಹುದಲ್ಲ? ತೆಗೆಯಬಹುದು. ಆದರೆ ಕಚ್ಚನ್ನು ಬಿಟ್ಟು ಅದರ ನೇರ ಎದುರು ಬದಿಯನ್ನು ನೋಡಿ. ಅಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತುತ್ತದೆ. ಕಚ್ಚಿರುವ ಕಡೆ ಲೋಹವಿಲ್ಲದ್ದರಿಂದ ಒತ್ತಡ ಸಿಗದೆ ಎದುರು ಬದಿಯ ಏಣು ಸರಿಯಾಗಿ ಏಳುವುದೇ ಇಲ್ಲ. ಅಚ್ಚಾದ ಮೇಲೂ ಅಲ್ಲಿ ಏಣು ಮಸುಕಾಗಿ ಮೈಯಲ್ಲಿ ಕರಗಿದಂತಿರುತ್ತದೆ. ಮನೆಯಲ್ಲಿ ಕತ್ತರಿಸಿದವನಿಗೆ ಎದುರು ಬದಿಯ ಈ ಸೂಕ್ಷ್ಮ ಹೊಳೆಯುವುದಿಲ್ಲ. ಅಲ್ಲಿ ಏಣು ಗಟ್ಟಿಯಾಗಿ ನಿಂತೇ ಇರುತ್ತದೆ.

ಕಚ್ಚಿನ ಪಕ್ಕದ ಅಕ್ಷರಗಳೂ ಸಾಕ್ಷಿ ಹೇಳುತ್ತವೆ. ಕಮ್ಮಟದ ಕಚ್ಚಾದರೆ ಏಟು ಬಿದ್ದಾಗ ಲೋಹ ಆ ಖಾಲಿ ಜಾಗದತ್ತ ಹರಿದಿರುತ್ತದೆ. ಅಕ್ಷರ ಅಂಚಿಗೆ ಹೋಗುತ್ತ ತೆಳುವಾಗಿ, ಸ್ವಲ್ಪ ಎಳೆದಂತೆ ಕಾಣುತ್ತದೆ. ಕತ್ತರಿಸಿದ್ದಾದರೆ ಅಕ್ಷರ ಗಟ್ಟಿಯಾಗಿದ್ದು ನಡುವಿನಲ್ಲೇ ತುಂಡಾಗಿರುತ್ತದೆ. ಉಳಿದ ಮೈ ಸವೆದು ಕಂದಿದ್ದು, ಕಚ್ಚಿದ ಅಂಚು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಇನ್ನೇನೂ ನೋಡಬೇಕಿಲ್ಲ.

ರೈಲುಹಳಿ, ವೈಸ್, ಆಸಿಡ್

ರೈಲು ಹಾದುಹೋಗುವ ಊರುಗಳಲ್ಲಿ ಬೆಳೆದವರಿಗೆ ಹಳಿಯ ಮೇಲೆ ನಾಣ್ಯ ಇಡುವ ಆಟ ಗೊತ್ತು. ಗಾಡಿ ಹೋದ ಮೇಲೆ ಸಿಗುವುದು ಅಗಲವಾದ, ತೆಳುವಾದ ಬಿಲ್ಲೆ. ಕಮ್ಮಟದಲ್ಲೂ ಅಗಲ ನಾಣ್ಯ ಹುಟ್ಟುತ್ತದೆ. ಏಟು ಬೀಳುವಾಗ ಬಳೆ ಮೇಲೇಳದಿದ್ದರೆ ಲೋಹವನ್ನು ತಡೆಯುವವರಿಲ್ಲ, ಸುತ್ತಲೂ ಹರಡಿಕೊಳ್ಳುತ್ತದೆ. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇಲ್ಲಿ ತಕ್ಕಡಿ ಉಪಯೋಗಕ್ಕೆ ಬಾರದು. ಅಕ್ಷರ ನೋಡಬೇಕು. ಕಮ್ಮಟದ ಅಗಲ ನಾಣ್ಯದಲ್ಲಿ ಸಿಂಹವೂ ಅಂಕಿಯೂ ಸ್ಫುಟವಾಗಿರುತ್ತವೆ. ಹಳಿಯ ನಾಣ್ಯದಲ್ಲಿ ಎಲ್ಲವೂ ಚಕ್ರ ಹೋದ ದಿಕ್ಕಿಗೆ ಎಳೆದುಕೊಂಡು ಅಳಿಸಿದಂತಿರುತ್ತದೆ. ಆಕಾರವೂ ಕೋಳಿಮೊಟ್ಟೆಯ ಹಾಗೆ ಉದ್ದ.

ಬಿಲ್ಲೆ ಪಕ್ಕಕ್ಕೆ ಸರಿದು ಕೂತರೆ ಚಿತ್ರ ಅರ್ಧ ಬಿದ್ದು, ಉಳಿದರ್ಧ ನುಣುಪಾದ ಖಾಲಿ ಲೋಹವಾಗಿ ಉಳಿಯುತ್ತದೆ. ಅಕ್ಷರಗಳನ್ನು ಉಜ್ಜಿ ಖಾಲಿ ಮಾಡಿದ್ದರೆ ಲೋಹ ನಷ್ಟವಾಗಿರುತ್ತದೆ. ಆಗ ತಕ್ಕಡಿ ಹೇಳುತ್ತದೆ.

ಸಂಗ್ರಾಹಕರು ‘ಲಾಖಿ’ ಎಂದು ಕರೆಯುವ ನಾಣ್ಯ ಇವೆಲ್ಲಕ್ಕಿಂತ ಆಕರ್ಷಕ. ಅಚ್ಚಾದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡಿರುತ್ತದೆ. ಮುಂದಿನ ಬಿಲ್ಲೆಗೆ ಒಂದು ಕಡೆ ನಿಜವಾದ ಅಚ್ಚು ಬಡಿದರೆ, ಇನ್ನೊಂದು ಕಡೆ ಅಂಟಿಕೊಂಡ ನಾಣ್ಯವೇ ಅಚ್ಚಾಗುತ್ತದೆ. ಒಂದು ಬದಿಯಲ್ಲಿ ಉಬ್ಬಿದ ಸಿಂಹ, ಇನ್ನೊಂದು ಬದಿಯಲ್ಲಿ ಅದೇ ಸಿಂಹ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ತಗ್ಗಾಗಿ.

ಇದನ್ನು ನಕಲು ಮಾಡಲು ಹೊರಟವರು ಎರಡು ನಾಣ್ಯ ಜೋಡಿಸಿ ಲೇತ್ ಅಂಗಡಿಯ ವೈಸ್‌ನಲ್ಲಿ ಹಿಂಡುತ್ತಾರೆ, ಇಲ್ಲವೇ ಸುತ್ತಿಗೆಯಲ್ಲಿ ಬಡಿಯುತ್ತಾರೆ. ತಿರುಗುಮುರುಗಾದ ಗುರುತು ಬೀಳುವುದು ನಿಜ. ಆದರೆ ಅದರ ಅಡಿಯಲ್ಲಿ ಮೊದಲಿನ ಅಂಕಿಯೂ ಅಕ್ಷರವೂ ಇಣುಕುತ್ತಿರುತ್ತವೆ. ವೈಸ್‌ನ ದವಡೆ ತಾಗಿದ ಹಿಂಬದಿ ಚಪ್ಪಟೆಯಾಗಿರುತ್ತದೆ. ಒಂದು ಬದಿಗೆ ಪೆಟ್ಟು ಬಿದ್ದರೆ ಇನ್ನೊಂದು ಬದಿಯೂ ಅದನ್ನು ಉಣ್ಣಲೇಬೇಕು. ನಾಣ್ಯವನ್ನು ಮಗುಚಿ ನೋಡುವ ಅಭ್ಯಾಸ ಇದ್ದವರಿಗೆ ಈ ಮೋಸ ಕೂಡಲೇ ಕಾಣುತ್ತದೆ.

ಆಸಿಡ್‌ನಲ್ಲಿ ಅದ್ದಿದ ನಾಣ್ಯ ಎಲ್ಲ ಕಡೆಯಿಂದ ಸಮನಾಗಿ ಕರಗಿ ಚಿಕ್ಕದಾಗಿ, ತೆಳುವಾಗಿ, ಅಕ್ಷರಗಳು ಸೋಪಿನ ಮೇಲಿನ ಹೆಸರಿನಂತೆ ಮಸುಕಾಗುತ್ತವೆ. ಇದನ್ನೇ ‘ತೆಳು ಬಿಲ್ಲೆಯ ನಾಣ್ಯ’ ಎಂದು ಮಾರುವವರಿದ್ದಾರೆ.

ಹತ್ತು ರೂಪಾಯಿಯ ನಡುಬಿಲ್ಲೆ

ಹತ್ತು ರೂಪಾಯಿ ನಾಣ್ಯಕ್ಕೆ ಹೊರಗೆ ಹಳದಿ ಉಂಗುರ, ಒಳಗೆ ಬಿಳಿ ಬಿಲ್ಲೆ. ಇಪ್ಪತ್ತು ರೂಪಾಯಿಯದು ಇದರ ತಿರುವುಮುರುವು: ಹೊರಗೆ ಬಿಳಿ, ಒಳಗೆ ಹಳದಿ. ಉಂಗುರವನ್ನೂ ಬಿಲ್ಲೆಯನ್ನೂ ಮೊದಲೇ ಬೆಸೆದಿರುವುದಿಲ್ಲ. ಬಿಡಿಯಾದ ಉಂಗುರ, ಬಿಡಿಯಾದ ಬಿಲ್ಲೆ ಒಟ್ಟಿಗೆ ಅಚ್ಚಿನ ಕೆಳಗೆ ಬರುತ್ತವೆ. ಚಿತ್ರ ಮೂಡಿಸುವ ಏಟೇ ಎರಡನ್ನೂ ಬಿಗಿಯುತ್ತದೆ.

ನಡುಬಿಲ್ಲೆ ಸರಿಯಾಗಿ ಕೂರದಿದ್ದಾಗ ಏಟು ಬಿದ್ದರೆ ಅದು ಉಂಗುರದ ಮೇಲೆ ಅರ್ಧ ಹತ್ತಿ ಕೂತ ನಾಣ್ಯ ಹುಟ್ಟುತ್ತದೆ. ಚಿತ್ರ ಮಾತ್ರ ಎರಡರ ಮೇಲೂ ಒಂದೇ ಸಮನೆ ಹರಿದಿರುತ್ತದೆ. ಇದು ಅಪ್ಪಟ ಕಮ್ಮಟದ ತಪ್ಪು. ನಡುಬಿಲ್ಲೆಯನ್ನು ಸುತ್ತಿಗೆಯಿಂದ ತಟ್ಟಿ ಹೊರತೆಗೆದು, ಮಗುಚಿ ಮತ್ತೆ ಕೂರಿಸಿದ ನಾಣ್ಯಗಳೂ ಓಡಾಡುತ್ತವೆ. ಅಂಥವುಗಳಲ್ಲಿ ಉಂಗುರದಿಂದ ಬಿಲ್ಲೆಗೆ ದಾಟುವ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ಸಂದಿನಲ್ಲಿ ಸಲಕರಣೆ ತಾಗಿದ ಗೀರು ಸಿಗುತ್ತದೆ. ಬರೀ ಉಂಗುರ ಸಿಕ್ಕರೂ ಇದೇ ದೃಷ್ಟಿಯಿಂದ ನೋಡಬೇಕು. ಬಿಲ್ಲೆಯಿಲ್ಲದೆಯೇ ಏಟು ತಿಂದ ಉಂಗುರದ ಲೋಹ ತೂತಿನೊಳಕ್ಕೂ ಹರಿದು ಒಳ ಅಂಚು ಉಬ್ಬಿರುತ್ತದೆ. ಆಮೇಲೆ ಬಿಲ್ಲೆ ಕಳಚಿದ ಉಂಗುರದಲ್ಲಿ ಬಿಲ್ಲೆ ಕೂತಿದ್ದ ಅಚ್ಚುಕಟ್ಟಾದ ಗೋಡೆ ಹಾಗೇ ಇರುತ್ತದೆ.

ತಪ್ಪೇ ಅಲ್ಲದ ತಪ್ಪುಗಳು

ಬಹಳ ಜನ ‘ತಪ್ಪು’ ಎಂದು ಎತ್ತಿಡುವ ನಾಣ್ಯಗಳಲ್ಲಿ ತಪ್ಪೇ ಇರುವುದಿಲ್ಲ. ಇಸವಿಯ ಕೆಳಗಿನ ಚಿಹ್ನೆಗಳನ್ನೇ ತೆಗೆದುಕೊಳ್ಳಿ. ವಜ್ರಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಕೆಲವು ವರ್ಷ ನಮ್ಮ ನಾಣ್ಯಗಳನ್ನು ವಿದೇಶದಲ್ಲೂ ಅಚ್ಚು ಹಾಕಿಸಿದ್ದುಂಟು. 1985ರ ಕೆಲವು ರೂಪಾಯಿಗಳ ಮೇಲಿರುವ ಇಂಗ್ಲಿಷಿನ ‘ಎಚ್’ ಅಕ್ಷರ ಬರ್ಮಿಂಗ್‌ಹ್ಯಾಮ್‌ನ ಗುರುತು.

ಗಾತ್ರವೂ ಹಾಗೆಯೇ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2011ರಲ್ಲಿ ಬಂದ ಎರಡು ರೂಪಾಯಿಗೂ ಅದೇ ಅಗಲ, ಅದೇ ತೂಕ. ಆ ವರ್ಷದಿಂದ ಒಂದು ರೂಪಾಯಿ ಸುಮಾರು 22 ಮಿಲಿಮೀಟರಿಗೆ ಇಳಿಯಿತು. ಹಳೆಯ, ಹೊಸ ಒಂದು ರೂಪಾಯಿಗಳನ್ನು ಪಕ್ಕಪಕ್ಕ ಇಟ್ಟವರಿಗೆ ಯಾವುದೋ ಒಂದು ತಪ್ಪು ಎನಿಸುವುದು ಸಹಜ. ಎರಡೂ ಸರಿ.

ಹತ್ತು ರೂಪಾಯಿಯ ಕಥೆ ನಮ್ಮ ಅಂಗಡಿ, ಬಸ್ಸುಗಳಲ್ಲಿ ಜಗಳಕ್ಕೂ ಕಾರಣವಾಯಿತು. ರೂಪಾಯಿ ಚಿಹ್ನೆ ಇದ್ದದ್ದು ಅಸಲಿ, ಇಲ್ಲದ್ದು ಖೋಟಾ; ಹತ್ತು ಗೆರೆಯದ್ದು ನಡೆಯುತ್ತದೆ, ಹದಿನೈದು ಗೆರೆಯದ್ದು ನಡೆಯುವುದಿಲ್ಲ ಎಂಬ ಸುದ್ದಿಗಳು ಹಬ್ಬಿದವು. ಹತ್ತು ರೂಪಾಯಿ ನಾಣ್ಯಕ್ಕೆ 14 ವಿನ್ಯಾಸಗಳಿವೆ, ಎಲ್ಲವೂ ಚಲಾವಣೆಗೆ ಯೋಗ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಬೇಕಾಯಿತು. ವೈಷ್ಣೋದೇವಿಯ ಚಿತ್ರವಿರುವ 2012ರ ಐದು ಮತ್ತು ಹತ್ತು ರೂಪಾಯಿಗಳೂ ಸ್ಮರಣಾರ್ಥವಾಗಿ ಹೊರಟವು, ತಪ್ಪಾಗಿ ಹುಟ್ಟಿದವಲ್ಲ.

ಇನ್ನು ಟಿಪ್ಪುವಿನ ಕಾಲದ ಆನೆಯ ತಾಮ್ರದ ಕಾಸು. ಆನೆಯ ಸೊಂಡಿಲೋ ಬಾಲವೋ ಬಿಲ್ಲೆಯಾಚೆ ಹೋಗಿರುವ ಕಾಸುಗಳು ಎಷ್ಟೋ ಇವೆ. ಶ್ರೀರಂಗಪಟ್ಟಣದ ಕಮ್ಮಟದಲ್ಲಿ ಕೆಲಸಗಾರರು ಒಂದೊಂದನ್ನೂ ಸುತ್ತಿಗೆ ಹಿಡಿದು ಕೈಯಿಂದ ಬಡಿಯುತ್ತಿದ್ದರು. ಚಿತ್ರ ಅತ್ತಿತ್ತ ಸರಿಯುವುದೇ ಅಲ್ಲಿ ವಾಡಿಕೆ. ಇಂದಿನ ಯಂತ್ರದ ರೂಪಾಯಿಯಲ್ಲಿ ಅಪರೂಪವಾದದ್ದು ಅಂದಿನ ಕಾಸಿನಲ್ಲಿ ದಿನನಿತ್ಯದ್ದು.

ಚಿಕ್ಕದಾದರೂ ನಿಜವಾದ ಒಂದು ತಪ್ಪನ್ನು ಮನೆಯಲ್ಲೇ ಹುಡುಕಬಹುದು. ಸಿಂಹದ ಮುಖವನ್ನು ನೆಟ್ಟಗೆ ಹಿಡಿದು, ಪುಸ್ತಕದ ಹಾಳೆ ತಿರುಗಿಸುವಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯಗಳಲ್ಲಿ ಹಿಂಬದಿಯ ಅಂಕಿಯೂ ನೆಟ್ಟಗೇ ನಿಲ್ಲಬೇಕು. ತಲೆಕೆಳಗಾಗಿ ನಿಂತರೆ ಒಂದು ಅಚ್ಚು ಯಂತ್ರದಲ್ಲಿ ತಿರುಗಿ ಕೂತಿತ್ತೆಂದು ಅರ್ಥ. ಅಲ್ಪಸ್ವಲ್ಪ ವಾಲಿದ್ದು ಎಲ್ಲೆಡೆ ಸಿಗುತ್ತದೆ, ಪೂರ್ತಿ ತಿರುಗಿದ್ದೇ ಲೆಕ್ಕಕ್ಕೆ ಬರುವುದು.

ಮೂರು ಕಾಲಿನ ಕಾಡೆಮ್ಮೆ

ತಪ್ಪಿಗೆ ಬೆಲೆ ಬಂದ ಕಡೆ ತಪ್ಪನ್ನೇ ನಕಲು ಮಾಡುವವರೂ ಬರುತ್ತಾರೆ. 1937ರಲ್ಲಿ ಅಮೆರಿಕದ ಡೆನ್ವರ್ ಟಂಕಸಾಲೆಯಲ್ಲಿ ಐದು ಸೆಂಟ್ ನಾಣ್ಯದ ಒಂದು ಅಚ್ಚಿಗೆ ಕಲೆ ಬಿತ್ತು. ಕಲೆ ಹೋಗಲೆಂದು ಉಜ್ಜಿದ್ದು ಹೆಚ್ಚಾಗಿ, ಅದರಲ್ಲಿದ್ದ ಕಾಡೆಮ್ಮೆಯ ಮುಂಗಾಲೊಂದು ಮಾಯವಾಯಿತು. ಮೂರು ಕಾಲಿನ ಆ ನಾಣ್ಯ ಪ್ರಸಿದ್ಧವಾದದ್ದೇ ತಡ, ನಾಲ್ಕು ಕಾಲಿನ ನಾಣ್ಯದಿಂದ ಒಂದು ಕಾಲನ್ನು ಕೆರೆದು ತೆಗೆದು ಮಾರುವವರು ಹುಟ್ಟಿಕೊಂಡರು. ಬಲ್ಲವರು ಇಲ್ಲದ ಕಾಲನ್ನು ನೋಡಿ ಮರುಳಾಗುವುದಿಲ್ಲ. ಅಸಲಿಯಲ್ಲಿ ಎಮ್ಮೆಯ ಹೊಟ್ಟೆಯಿಂದ ನೆಲದತ್ತ ಉಬ್ಬಿದ ಚುಕ್ಕೆಗಳ ಒಂದು ಸಾಲಿರುತ್ತದೆ. ಕೆರೆದು ತೆಗೆದವರಿಗೆ ಕಾಲನ್ನು ಅಳಿಸಲು ಬಂತು, ಆ ಚುಕ್ಕೆಗಳನ್ನು ಎಬ್ಬಿಸಲು ಬರಲಿಲ್ಲ.

1943ರಲ್ಲಿ ಯುದ್ಧಕ್ಕೆ ತಾಮ್ರ ಉಳಿಸಲು ಅಮೆರಿಕ ಒಂದು ಸೆಂಟನ್ನು ಉಕ್ಕಿನಲ್ಲಿ ಅಚ್ಚು ಹಾಕಿತು. ಹಳೆಯ ತಾಮ್ರಮಿಶ್ರಿತ ಬಿಲ್ಲೆಗಳು ಕೆಲವು ಯಂತ್ರಕ್ಕೆ ಸಿಕ್ಕು ಅದೇ ಇಸವಿಯ ತಾಮ್ರದ ಸೆಂಟ್‌ಗಳೂ ಹುಟ್ಟಿದವು. ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಟ್ಟು ಜನರಿಗೆ ಮೋಸ ಮಾಡಿದವರನ್ನು ಹಿಡಿದುಕೊಟ್ಟದ್ದು ಅಯಸ್ಕಾಂತ. ಒಳಗಿನ ಉಕ್ಕು ಅದಕ್ಕೆ ಅಂಟಿತು.

ಲಕ್ಷದ ಆಸೆ, ಕಾನೂನಿನ ಮಾತು

ಕೆಲಸದ ಹುಡುಗ ಮೊಬೈಲಿನಲ್ಲಿ ನೋಡಿದ ‘ಲಕ್ಷ’ದ ಹಿಂದೆ ಒಂದು ಬಲೆಯಿದೆ. ನಿಮ್ಮ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ತೆರಿಗೆ ಕಟ್ಟಿ ಎಂದು ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಎಚ್ಚರಿಕೆ ಕೊಟ್ಟಿದೆ. ಅವರು ಬಳಸುತ್ತಿದ್ದದ್ದು ರಿಸರ್ವ್ ಬ್ಯಾಂಕಿನದೇ ಹೆಸರು ಮತ್ತು ಲಾಂಛನ. ಹಳೆಯ ನೋಟು, ನಾಣ್ಯಗಳ ವ್ಯಾಪಾರಕ್ಕೆ ಬ್ಯಾಂಕ್ ಕೈಹಾಕುವುದಿಲ್ಲ, ಯಾವ ಕಮಿಷನ್ನನ್ನೂ ಕೇಳುವುದಿಲ್ಲ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಇಷ್ಟು ನೆನಪಿದ್ದರೆ ಸಾಕು.

ನಾಣ್ಯಕ್ಕೆ ಬೇಕೆಂದೇ ಗಾಯ ಮಾಡುವುದೂ ಆಟವಲ್ಲ. 2011ರ ನಾಣ್ಯ ಕಾಯ್ದೆಯಂತೆ ನಾಣ್ಯವನ್ನು ಕರಗಿಸುವುದು, ನಾಶ ಮಾಡುವುದು ಅಪರಾಧ. ಏಳು ವರ್ಷದವರೆಗೆ ಜೈಲು, ದಂಡ ಎರಡೂ ಆಗಬಹುದು. ವಿರೂಪಗೊಳಿಸಿದ ಅಥವಾ ನಿಗದಿತ ತೂಕಕ್ಕಿಂತ ಇಳಿದ ನಾಣ್ಯ ಚಲಾವಣೆಯ ಮಾನ್ಯತೆಯನ್ನೂ ಕಳೆದುಕೊಳ್ಳುತ್ತದೆ. ಹತ್ತನ್ನು ಹತ್ತು ಸಾವಿರ ಮಾಡಹೊರಟವನಿಗೆ ಕೈಲಿದ್ದ ಹತ್ತೂ ಉಳಿಯುವುದಿಲ್ಲ.

ಸಿಕ್ಕರೆ ಏನು ಮಾಡಬೇಕು?

ಅನುಮಾನ ಬಂದ ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಅಚ್ಚಿನ ಏಟು ಕೊಟ್ಟ ಮೂಲ ಹೊಳಪು ಒಮ್ಮೆ ಉಜ್ಜಿದರೆ ಮತ್ತೆ ಬರದು. ಅದೇ ವರ್ಷದ, ಅದೇ ಕಮ್ಮಟದ ಸರಿಯಾದ ನಾಣ್ಯವೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಒಡವೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಅಯಸ್ಕಾಂತ ಹಿಡಿಯಿರಿ. ಉಕ್ಕಿನ ಒಂದು, ಎರಡು ರೂಪಾಯಿಗಳು ಅಂಟಬೇಕು, ತಾಮ್ರ ನಿಕಲ್ ಬೆರಕೆಯ ಹಳೆಯ ಎರಡು, ಐದು ರೂಪಾಯಿಗಳು ಅಂಟಬಾರದು. ಆಮೇಲೆ ಬೆಳಕನ್ನು ಓರೆಯಾಗಿ ಬಿಟ್ಟು ಭೂತಗನ್ನಡಿಯಲ್ಲಿ ಎರಡೂ ಮುಖ, ಅಂಚು ನೋಡಿ. ದೊಡ್ಡ ದೋಷ ಎನಿಸಿದರೆ ನಾಣ್ಯ ಪ್ರದರ್ಶನಗಳಿಗೆ ಬರುವ ಅನುಭವಿ ಸಂಗ್ರಾಹಕರಿಗೆ ತೋರಿಸಿ. ಒಬ್ಬರಲ್ಲ, ಇಬ್ಬರು ಮೂವರಿಗೆ. ಸಣ್ಣಪುಟ್ಟ ದೋಷಕ್ಕೆ ಹೇಳಿಕೊಳ್ಳುವಂಥ ಬೆಲೆ ಬರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡಿರಿ.

ಹಿಂದೆ ನಮ್ಮ ಪೇಟೆಗಳಲ್ಲಿ ಚಿನಿವಾರರು ಕೂರುತ್ತಿದ್ದರು. ಯಾವ ಸೀಮೆಯ ನಾಣ್ಯ ಬಂದರೂ ತೂಗಿ, ಒರೆಗೆ ಹಚ್ಚಿ, ಸದ್ದು ಕೇಳಿ ಇದು ಇಷ್ಟು ಎನ್ನುತ್ತಿದ್ದರು. ಕೈಗೆ ಬಂದ ದುಡ್ಡನ್ನು ನಿಂತು ನೋಡುವ ಆ ವಿದ್ಯೆ ನಮ್ಮಿಂದ ಬಹುತೇಕ ಹೋಗಿದೆ. ಈಗ ಎಣಿಸುತ್ತೇವೆ, ನೋಡುವುದಿಲ್ಲ. ತಪ್ಪು ನಾಣ್ಯಗಳು ನನಗೆ ಪ್ರಿಯವಾಗಿರುವುದು ಅದಕ್ಕೇ. ಅವು ನಿಲ್ಲಿಸಿ ನೋಡಿಸುತ್ತವೆ. ನೋಡಿದವರಿಗೆ ಎಲ್ಲೋ ದೂರದ ಯಂತ್ರದ ಒಂದು ಕ್ಷಣದ ಎಡವಟ್ಟು ಅಂಗೈಯಲ್ಲಿ ಕಾಣುತ್ತದೆ.

ಅಂಗಡಿಯಲ್ಲಿ ಹುಡುಗ ಮೊಬೈಲ್ ಟಾರ್ಚ್ ಹಿಡಿದಿದ್ದಾನೆ. ಯಜಮಾನರು ಕಚ್ಚನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಎದುರು ಬದಿಯ ಏಣಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಸುತ್ತಲೂ ಸಿಗುವ ಏಣು ಅಲ್ಲಿಗೆ ಬಂದಾಗ ಮೆಲ್ಲಗೆ ಕರಗಿಹೋಗುತ್ತದೆ. ಮತ್ತೊಮ್ಮೆ ಆಡಿಸುತ್ತಾರೆ. ಒಂದು ಚಿಕ್ಕ ಲಕೋಟೆ ತೆಗೆದು, ಅದರ ಮೇಲೆ ಅಂದಿನ ತಾರೀಖು ಬರೆದು, ರೂಪಾಯಿಯನ್ನು ಒಳಗೆ ಹಾಕುತ್ತಾರೆ. ಆ ದಿನದ ಲೆಕ್ಕಕ್ಕೆ ತಮ್ಮ ಜೇಬಿನಿಂದ ಒಂದು ರೂಪಾಯಿ ಸೇರಿಸುತ್ತಾರೆ.